ಮಾವನ ಬಲಗಣ್ಣು

ಪರರ ಕಣ್ಣಿನೊಳಗೆ ಬ್ಯಾಟರಿ ಬಿಟ್ಟು ನೋಡುವ ಅಧಿಕಾರ ನನಗೆ ಎರಡು ವರ್ಷ ಇತ್ತು. ಕೊಟ್ಟವರು ಸರಕಾರದವರಲ್ಲ, ನಮ್ಮ ಗಡಿಭಾಗದ ಏಳು ಊರಿನ ಪಂಚರು. ಆಗ ನಾನು ಸಂಖದಲ್ಲಿ ಒಬ್ಬ ಡಾಕ್ಟರರ ಖಾಸಗಿ ದವಾಖಾನೆಯಲ್ಲಿ ಕಂಪೌಂಡರನಾಗಿದ್ದೆ. ಇಪ್ಪತ್ಮೂರರ ವಯಸ್ಸು, ಮೈಮೇಲೆ ಬಿಳಿ ಅಂಗಿ, ಕಿಸೆಯಲ್ಲಿ ಎರಡು ಸೆಲ್ಲಿನ ಬ್ಯಾಟರಿ. ಇಷ್ಟಿದ್ದರೆ ಸಾಕು, ಮನುಷ್ಯ ತನಗೆ ಎಲ್ಲವೂ ಗೊತ್ತು ಅಂದುಕೊಳ್ಳುತ್ತಾನೆ. ಈಗ ಟಿವಿಯಲ್ಲಿ ಯಾವನೋ ಓಟಗಾರ ಔಷಧ ತಿಂದು ಸಿಕ್ಕಿಬಿದ್ದ, ಅವನ ಪದಕ ಕಿತ್ತುಕೊಂಡರು ಎಂದು ಸುದ್ದಿ ಬಂದರೆ ಮನೆಮಂದಿಯೆಲ್ಲ ಕಳ್ಳ ಕಳ್ಳ ಎಂದು ಬೈಯುತ್ತಾರೆ. ನಾನು ಎದ್ದು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂರುತ್ತೇನೆ. ಅಜ್ಜನಿಗೆ ಏನಾಯಿತು ಎಂದು ಮೊಮ್ಮಕ್ಕಳು ಕೇಳುತ್ತವೆ. ಅವಕ್ಕೆ ಬಾಯಿಂದ ಹೇಳಲು ಆಗಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಆಗ ನಮ್ಮ ಕಡೆ ಕಾರಹುಣ್ಣಿಮೆಯ ಮರುದಿನ ಗುಂಡು ಎತ್ತುವ ಪಂದ್ಯ ನಡೆಯುತ್ತಿತ್ತು. ಗುಂಡು ಅಂದರೆ ದುಂಡನೆಯ ಕರಿಕಲ್ಲು. ಸಣ್ಣವು ನಾಲ್ಕಾರು ಇದ್ದವು, ಅವು ಲೆಕ್ಕಕ್ಕಿಲ್ಲ. ಎಲ್ಲರ ಕಣ್ಣು ಇರುತ್ತಿದ್ದದ್ದು ದೊಡ್ಡ ಗುಂಡಿನ ಮೇಲೆ. ಒಂದೂವರೆ ಚೀಲ ಜೋಳದ ಭಾರ ಅದಕ್ಕೆ. ಹಿಡಿಯಲು ಹಿಡಿಕೆ ಇಲ್ಲ, ಬೆರಳು ಊರಲು ಸಂದಿಲ್ಲ. ಮೊಣಕಾಲಿಗೆ ತರಬೇಕು, ಎದೆಗೆ ಒತ್ತಬೇಕು, ಹೆಗಲಿಗೇರಿಸಿ ಬೆನ್ನ ಹಿಂದೆ ಒಗೆಯಬೇಕು. ಒಗೆದವನ ಮನೆಗೆ ಆ ಕಲ್ಲು ಚಕ್ಕಡಿಯಲ್ಲಿ ಹೋಗುತ್ತಿತ್ತು. ವರ್ಷವಿಡೀ ಅವನ ಅಂಗಳದಲ್ಲಿ ಇರುತ್ತಿತ್ತು, ಮುಂದಿನ ವರ್ಷದ ಪಂದ್ಯ ಅದೇ ಅಂಗಳದ ಮುಂದೆ. ಒಬ್ಬನೇ ಮೂರು ವರ್ಷ ಸತತವಾಗಿ ಒಗೆದರೆ ಕಲ್ಲು ಮತ್ತೆ ಕದಲುವಂತಿಲ್ಲ. ಅದು ಆ ಮನೆಯದು, ಆ ಊರಿನದು. ಏಳೂರಿನಲ್ಲಿ ಅಂಥವನು ಯಾರೂ ಆಗಿರಲಿಲ್ಲ.

ಉಟಗಿಯಲ್ಲಿದ್ದ ನನ್ನ ಸೋದರಮಾವ ಎರಡು ವರ್ಷ ಒಗೆದಿದ್ದ.

ಮಾವ ಕುರಿ ಕಾಯುವವನು, ಅರ್ಧ ವರ್ಷ ಅಡವಿಯಲ್ಲೇ ಇರುವವನು. ನೋಡಿದರೆ ಪೈಲ್ವಾನ ಅನ್ನಿಸುತ್ತಿರಲಿಲ್ಲ. ಕುಳ್ಳಗೆ, ಅಗಲಕ್ಕೆ ಇದ್ದ. ಮಾತು ಕಡಿಮೆ, ಆಡಿದರೆ ಚೇಷ್ಟೆ. ನಾನು ಕಂಪೌಂಡರನಾದಾಗ ಏಳು ಹಳ್ಳಿಗೆ ಕೇಳುವ ಹಾಗೆ ಹೇಳಿಕೊಂಡು ತಿರುಗಿದ್ದೂ ಅವನೇ, ನನ್ನ ಎದುರಿಗೆ ಮಾತ್ರ ನೀರಿಗೆ ಬಣ್ಣ ಹಾಕಿ ಶೀಸೆ ತುಂಬುವವನು ಎಂದು ಆಡಿಕೊಳ್ಳುತ್ತಿದ್ದವನೂ ಅವನೇ. ಮಕ್ಕಳಿರಲಿಲ್ಲ ಅವನಿಗೆ. ಅತ್ತೆ ಆ ಕಲ್ಲಿಗೆ ದಿನಾ ಮುಂಜಾನೆ ನೀರು ಹಾಕಿ ಕುಂಕುಮ ಇಡುತ್ತಿದ್ದಳು. ಯಾರಾದರೂ ಅದರ ಮೇಲೆ ಕೂತರೆ ಬೈದು ಎಬ್ಬಿಸುತ್ತಿದ್ದಳು. ಮೂರನೆಯ ವರ್ಷ ದಾಟಿದರೆ ಇದರ ಸುತ್ತ ಕಟ್ಟೆ ಕಟ್ಟಿಸಬೇಕು ಎಂದು ಅವಳು ನನ್ನ ತಾಯಿಯ ಮುಂದೆ ಹೇಳುತ್ತಿದ್ದದ್ದನ್ನು ಕೇಳಿದ್ದೇನೆ. ಕಟ್ಟೆಗೆ ಬೇಕಾದ ಕಲ್ಲುಗಳನ್ನು ಹಳ್ಳದಿಂದ ಒಂದೊಂದೇ ತಂದು ಗೋಡೆಗೆ ಆನಿಸಿ ಇಟ್ಟೂ ಇದ್ದಳು.

ಈಗ ತಪಾಸಣೆಯ ವಿಷಯಕ್ಕೆ ಬರುತ್ತೇನೆ. ಮಾವ ಮೊದಲ ಸಲ ಗೆಲ್ಲುವುದಕ್ಕೆ ಹಿಂದಿನ ವರ್ಷ ಬೇರೆ ಊರಿನ ಒಬ್ಬ ಹುರಿಯಾಳು ದತ್ತೂರಿ ಬೀಜ ಅರೆದು ಬೆಲ್ಲದಲ್ಲಿ ಕಲಸಿ ತಿಂದು ಬಂದಿದ್ದ. ತಿಂದರೆ ನೋವು ಗೊತ್ತಾಗುವುದಿಲ್ಲ, ಭಾರ ಗೊತ್ತಾಗುವುದಿಲ್ಲ ಎಂದು ಯಾರೋ ಅವನ ತಲೆಗೆ ತುಂಬಿದ್ದರು. ಕಲ್ಲು ಎತ್ತಿದ, ಒಗೆದ. ಆಮೇಲೆ ಯಾರ ಗುರುತೂ ಅವನಿಗೆ ಹತ್ತಲಿಲ್ಲ. ಗಾಳಿಯಲ್ಲಿ ಇಲ್ಲದ ಮುಳ್ಳು ಕೀಳುತ್ತ ಕೂತ. ಅವನನ್ನು ನಮ್ಮ ದವಾಖಾನೆಗೆ ತಂದಾಗ ಹಿಡಿದುಕೊಂಡವನು ನಾನು. ಡಾಕ್ಟರರು ಅವನ ರೆಪ್ಪೆ ಎತ್ತಿ ಬೆಳಕು ಬಿಟ್ಟು, ನೋಡು ಇಲ್ಲಿ, ಪಾಪೆ ಎಷ್ಟು ಹಿಗ್ಗಿದೆ, ಬೆಳಕಿಗೂ ಕಿರಿದಾಗುತ್ತಿಲ್ಲ, ದತ್ತೂರಿಯ ಗುರುತು ಇದೇ ಎಂದು ತೋರಿಸಿದರು. ಎರಡೂ ಕಣ್ಣು ತೋರಿಸಿದರು. ಎರಡೂ ಎಂಬುದನ್ನು ನಾನು ಅಂದೇ ಗಟ್ಟಿಯಾಗಿ ನೆನಪಿಟ್ಟುಕೊಳ್ಳಬೇಕಿತ್ತು. ಆ ಮನುಷ್ಯ ಬದುಕಿದ, ಆದರೆ ಸೊಂಟ ಹೋಯಿತು, ಮುಂದೆಂದೂ ನೆಟ್ಟಗೆ ನಡೆಯಲಿಲ್ಲ.

ಒಂದು ವರ್ಷ ಬರೀ ಮಾತಿನಲ್ಲೇ ಹೋಯಿತು, ಮಾವ ಮೊದಲ ಸಲ ಗೆದ್ದ ಮೇಲೆ ಪಂಚರು ಕೂಡಿದರು. ಹಿರಿಯ ಪಂಚರು ಕಾಳುಕಡಿಯ ವ್ಯಾಪಾರ ಮಾಡುವ ಮುಸಲ್ಮಾನ ಹಿರಿಯರು, ತಕ್ಕಡಿ ಹಿಡಿದ ಕೈ ನಡುಗದ ಮನುಷ್ಯ ಎಂದು ಎಲ್ಲರೂ ಒಪ್ಪಿದವರು. ಅವರು ನನ್ನನ್ನು ಕರೆಸಿ, ನಿಶೆ ಮಾಡಿ ಬಂದವನನ್ನು ಕಲ್ಲು ಮುಟ್ಟುವ ಮೊದಲೇ ಹಿಡಿಯುವ ದಾರಿ ಇದೆಯೇ ಎಂದು ಕೇಳಿದರು. ನಾನು ಇದೆ ಎಂದೆ. ನಿಯಮಗಳನ್ನು ಬರೆದು ಕೊಡಿ ಎಂದರು. ಎರಡು ದಿನ ಕೂತು ಒಂದು ವಹಿಯಲ್ಲಿ ಮರಾಠಿ ಅರ್ಜಿಗಳ ಧಾಟಿಯಲ್ಲಿ ಕನ್ನಡ ಬರೆದೆ. ಉಸಿರು ಮೂಸಿ ನೋಡುವುದು, ನೆಲಕ್ಕೆ ಹಾಸಿದ ಹಗ್ಗದ ಗುಂಟ ನಡೆಸುವುದು, ಚೀಲ ಹೊಲಿಯುವ ದಬ್ಬಣಕ್ಕೆ ದಾರ ಪೋಣಿಸಲು ಹಚ್ಚುವುದು, ಕೊನೆಗೆ ಕಣ್ಣಿನ ತಪಾಸಣೆ. ಪಾಪೆ ಹಿಗ್ಗಿದ್ದು ಬೆಳಕಿಗೆ ಕಿರಿದಾಗದಿದ್ದರೆ ಬಾದ. ಬಾದ ಅಂದರೆ ಪಂದ್ಯದಿಂದ ಹೊರಗೆ, ಆ ವರ್ಷಕ್ಕಲ್ಲ, ಜನ್ಮಕ್ಕೆ. ಬರೆದದ್ದಕ್ಕೆ ತೂಕ ಬರಲಿ ಎಂದು ಕೆಳಗೆ ಇನ್ನೊಂದು ಸಾಲು ಸೇರಿಸಿದೆ: ಪಂದ್ಯದ ಹಿಂದಿನ ಮೂರು ದಿವಸ ಹೊಟ್ಟೆಗಾಗಲಿ ಮೈಗಾಗಲಿ ಯಾವ ಔಷಧವೂ ಸೇರಿರತಕ್ಕದ್ದಲ್ಲ. ಅದನ್ನು ಓದಿ ಹೇಳಿದಾಗ ಪಂಚರೆಲ್ಲ ತಲೆದೂಗಿದರು, ನಾನು ಉಬ್ಬಿದೆ.

ಹಳೆಯ ಪದ್ಧತಿಯೊಂದು ಮೊದಲಿನಿಂದಲೂ ಇತ್ತು. ಪಂದ್ಯದ ದಿನ ತೀರ್ಪು ಹೇಳುವವನು ದೊಡ್ಡ ಗುಂಡಿನ ಮೇಲೆ ಅಂಗೈ ಊರಿ ಹೇಳಬೇಕು. ಹಾಗೆ ಹೇಳಿದ ಮಾತನ್ನು ಯಾರೂ ವಾಪಸು ತೆಗೆದುಕೊಳ್ಳುವಂತಿಲ್ಲ, ಹೇಳಿದವನು ಕೂಡ. ತಪಾಸಣೆಯ ಮಾತಿಗೂ ಅದೇ ಕಟ್ಟು ಎಂದು ಪಂಚರು ನಿರ್ಧರಿಸಿದರು. ನನಗೆ ಅದು ಬಹಳ ಸೇರಿತು. ಔಷಧ ಅಳೆದು ಶೀಸೆಗೆ ಸುರಿಯುವ ಕೈಗೆ ಅಂಥ ಮಾನ ಯಾರು ಕೊಡುತ್ತಾರೆ?

ಮೊದಲ ವರ್ಷ ಇಬ್ಬರನ್ನು ಹಿಡಿದೆ. ಒಬ್ಬ ಸರಾಯಿ ಕುಡಿದು ಬಂದು ಹಗ್ಗ ಬಿಟ್ಟು ಎಮ್ಮೆಯ ಕಡೆಗೆ ನಡೆದುಹೋದ, ಮಂದಿ ಬಿದ್ದು ಬಿದ್ದು ನಕ್ಕರು. ಇನ್ನೊಬ್ಬನ ಕಣ್ಣು ಹಿಗ್ಗಿತ್ತು. ಅವನು ತಲೆ ತಗ್ಗಿಸಿ ತಾನೇ ಒಪ್ಪಿಕೊಂಡ. ಆ ವರ್ಷ ಮಾವ ಎರಡನೆಯ ಸಲ ಕಲ್ಲು ಒಗೆದ. ಅಳಿಯ ನೋಡಿದ, ಮಾವ ಗೆದ್ದ ಎಂದು ಒಬ್ಬಿಬ್ಬರು ಗೊಣಗಿದರು. ಹಿರಿಯ ಪಂಚರು ಅವರನ್ನು ಎದುರು ನಿಲ್ಲಿಸಿಕೊಂಡು ಗದರಿದರು. ಆದರೆ ಮರುವರ್ಷದಿಂದ ತಪಾಸಣೆಯ ಹೊತ್ತಿಗೆ ತಾವೂ ನನ್ನ ಭುಜದ ಪಕ್ಕ ನಿಂತು ನೋಡುವುದಾಗಿ ಹೇಳಿದರು. ಅವರಿಗೂ ಪಾಪೆ ನೋಡುವುದನ್ನು ಕಲಿಸಿದವನು ನಾನೇ.

ಮಾವನ ಪಾಲಿನ ಆ ಮೂರನೆಯ ವರ್ಷ, ಕಾರಹುಣ್ಣಿಮೆಗೆ ಎರಡು ದಿನ ಇರುವಾಗ, ಮಾವ ಮಧ್ಯಾಹ್ನದ ಎಸ್‌ಟಿ ಬಸ್ಸಿಗೆ ಸಂಖಕ್ಕೆ ಬಂದ. ಡಾಕ್ಟರರು ತಮ್ಮ ಊರಿಗೆ ಹೋಗಿದ್ದರು, ಒಂದು ವಾರ ಬರುವವರಿರಲಿಲ್ಲ. ಮಾವ ಬಾಗಿಲಲ್ಲೇ ನಿಂತು ಒಳಗೆ ಯಾರಿದ್ದಾರೆ ಎಂದು ಇಣುಕಿ ನೋಡಿದ. ಯಾರೂ ಇಲ್ಲ ಎಂದ ಮೇಲೆ ಒಳಬಂದು ಕಟ್ಟಿಗೆಯ ಬಾಕಿನ ಮೇಲೆ ಕೂರಲು ಹೋದವನು ಕೂರಲಾರದೆ ಗೋಡೆ ಹಿಡಿದ. ಆಗಲೇ ನನಗೆ ತಿಳಿಯಿತು. ಕಂಟಿಯಲ್ಲಿ ಸಿಕ್ಕಿಕೊಂಡ ಟಗರನ್ನು ಎಳೆಯುವಾಗ ಟೊಂಕ ಹಿಡಿದುಕೊಂಡಿತ್ತಂತೆ.

"ಏನರ ಹಚ್ಚು ಅಳಿಯಾ," ಎಂದ. "ಆದರ ಇದನ್ನ ಯಾರ ಮುಂದೂ ಬಾಯಿ ಬಿಡಬ್ಯಾಡ. ನಿಮ್ಮ ಅತ್ತಿಗೂ ಗೊತ್ತಿಲ್ಲ."

ಟೊಂಕ ಹೋಗಿದೆ ಎಂದು ಸುದ್ದಿಯಾದರೆ ಎದುರಾಳಿಗಳಿಗೆ ಬಲ ಬರುತ್ತದೆ. ಅದು ನನಗೂ ಗೊತ್ತಿತ್ತು. ಗುಳಿಗೆ ಕೊಡುವಂತಿರಲಿಲ್ಲ, ನಿಯಮ ನನ್ನದೇ. ಡಾಕ್ಟರರ ಕಪಾಟಿನಲ್ಲಿ ಒಂದು ಬಗೆಯ ಪಟ್ಟಿ ಇತ್ತು. ಕೆಂಚು ಬಣ್ಣದ, ಸಣ್ಣ ಸಣ್ಣ ತೂತಿನ, ಅಂಟು ಮೆತ್ತಿದ ಬಟ್ಟೆ. ಬೆನ್ನುನೋವಿನವರಿಗೆ ಡಾಕ್ಟರರು ಅದನ್ನು ಅಂಟಿಸುವುದನ್ನು ಎಷ್ಟೋ ಸಲ ನೋಡಿದ್ದೆ. ಮೇಲಿನ ಕಾಗದದಲ್ಲಿ ಇಂಗ್ಲಿಷಿನಲ್ಲಿ ಏನೇನೋ ಸಣ್ಣ ಅಕ್ಷರ ಇದ್ದವು, ನನ್ನ ಇಂಗ್ಲಿಷು ಶೀಸೆಯ ಹೆಸರು ಓದುವಷ್ಟಕ್ಕೇ ಮುಗಿಯುತ್ತಿತ್ತು. ಇದು ಔಷಧ ಎಂದು ನನ್ನ ತಲೆಗೆ ಹೊಳೆಯಲೇ ಇಲ್ಲ. ನಮ್ಮ ಕಡೆ ಔಷಧ ಅಂದರೆ ಕುಡಿಯುವುದು, ನುಂಗುವುದು, ಇಲ್ಲ ಸೂಜಿ. ಬೆನ್ನಿಗೆ ಅಂಟಿಸಿದ್ದು ಬರೀ ಪಟ್ಟಿ. ಮಾವನನ್ನು ಬೋರಲು ಮಲಗಿಸಿ, ದೀಪದ ಶಾಖಕ್ಕೆ ಹಿಡಿದು, ಟೊಂಕದ ತುಂಬ ಅಂಟಿಸಿದೆ. ಪಂದ್ಯದ ದಿನ ಮುಂಜಾನೆ ಕಿತ್ತುಬಿಡು, ಅಂಟು ಉಳಿದರೆ ಶೇಂಗಾ ಎಣ್ಣೆ ಹಚ್ಚಿ ತಿಕ್ಕು ಎಂದು ಹೇಳಿ ಕಳಿಸಿದೆ. ಕೈ ತೊಳೆದುಕೋ ಎಂದು ಹೇಳಲಿಲ್ಲ.

ಪಂದ್ಯದ ದಿನ ಉಟಗಿಗೆ ಹೋದಾಗ ಬಿಸಿಲು ಏರಿತ್ತು. ಮಾವನ ಅಂಗಳದ ಮುಂದೆ ಕಾಲಿಡಲು ಜಾಗವಿರಲಿಲ್ಲ. ಗೋಡೆ, ಮಾಳಿಗೆ, ಚಕ್ಕಡಿ, ಬೇವಿನ ಗಿಡ, ಎಲ್ಲ ಕಡೆ ಮಂದಿ. ಅತ್ತೆ ಕಲ್ಲು ತೊಳೆದು ಕೆಮ್ಮಣ್ಣು ಬಳಿದಿದ್ದಳು. ನನ್ನನ್ನು ಕಂಡು ಸೆರಗಿನ ಮರೆಯಲ್ಲಿ ನಕ್ಕಳು. ಮಾವ ಮನೆಬಾಗಿಲ ಕಟ್ಟೆಯ ಮೇಲೆ ಕೂತಿದ್ದ. ಟೊಂಕ ಹೇಗಿದೆ ಎಂದು ಕಣ್ಣಲ್ಲೇ ಕೇಳಿದೆ, ಚಲೋ ಐತಿ ಎಂಬಂತೆ ಅಂಗೈ ಆಡಿಸಿದ. ಬಲಗಣ್ಣು ಮಾತ್ರ ಮೇಲಿಂದ ಮೇಲೆ ಪಿಳುಕಿಸುತ್ತಿದ್ದ. ಮುಂಜಾನೆಯಿಂದ ಆ ಕಣ್ಣಿಗೆ ಬಿಸಿಲು ಚುಚ್ಚುತ್ತಿದೆ, ಧೂಳು ಬಿದ್ದಿರಬೇಕು ಎಂದು ಅತ್ತೆ ಹೇಳಿದಳು. ನಾನು ಕೇಳಿಸಿಕೊಂಡೆ, ಅಷ್ಟೇ. ನನ್ನ ಲಕ್ಷ್ಯ ಬ್ಯಾಟರಿಗೆ ಹೊಸ ಸೆಲ್ಲು ಹಾಕುವುದರ ಮೇಲಿತ್ತು.

ಹುರಿಯಾಳುಗಳು ಐದು ಮಂದಿ. ತಪಾಸಣೆ ಪಡಸಾಲೆಯ ನೆರಳಿನಲ್ಲಿ, ಬಾಗಿಲು ತೆರೆದಿಟ್ಟು, ಎಲ್ಲರಿಗೂ ಕಾಣುವ ಹಾಗೆ. ಮೊದಲ ನಾಲ್ವರೂ ಪಾರಾದರು. ಮಾವ ಕೊನೆಯವನು. ಉಸಿರು ಮೂಸಿದೆ, ಈರುಳ್ಳಿಯ ವಾಸನೆ. ಹಗ್ಗದ ಮೇಲೆ ನಡೆದ, ಮದುವೆಯ ಹೆಣ್ಣಿನ ಹಾಗೆ ತಲೆ ತಗ್ಗಿಸಿ ನಡೆದು ಮಂದಿಯನ್ನು ನಗಿಸಿದ. ದಬ್ಬಣ ಕೊಟ್ಟೆ. ಬಲಗಣ್ಣು ಮುಚ್ಚಿ ಎಡಗಣ್ಣಿನಿಂದ ನೋಡಿ ಒಂದೇ ಸಲಕ್ಕೆ ದಾರ ಪೋಣಿಸಿದ. ಆಗಲಾದರೂ ಕೇಳಬೇಕಿತ್ತು ನಾನು, ಯಾಕೆ ಮಾವ ಆ ಕಣ್ಣು ಮುಚ್ಚಿದೆ ಎಂದು. ಕೇಳಲಿಲ್ಲ.

ಎಡಗಣ್ಣಿಗೆ ಬೆಳಕು ಬಿಟ್ಟೆ. ಪಾಪೆ ಸಾಸಿವೆ ಕಾಳಿನಷ್ಟಾಯಿತು. ಬಲಗಣ್ಣಿಗೆ ಬಿಟ್ಟೆ. ತೊಗರಿ ಕಾಳಿನಷ್ಟು ಇದ್ದದ್ದು ಹಾಗೆಯೇ ಇತ್ತು. ಬ್ಯಾಟರಿ ತೆಗೆದು, ಅಂಗೈಯಿಂದ ಮುಚ್ಚಿ, ಮತ್ತೆ ಬಿಟ್ಟೆ. ಕದಲಲಿಲ್ಲ. ಮಾವನ ಮುಖ ನನ್ನ ಮುಖದಿಂದ ಒಂದು ಗೇಣು ದೂರ. ಅವನು ಇನ್ನೂ ನಗುತ್ತಲೇ ಇದ್ದ. ನಾನು ಮೂರನೆಯ ಸಲ ಬ್ಯಾಟರಿ ಬಿಟ್ಟದ್ದನ್ನು ಕಂಡು ನಗು ನಿಲ್ಲಿಸಿದ.

ಸುಳ್ಳು ಹೇಳಬಹುದಿತ್ತು. ಅದನ್ನು ಇಷ್ಟು ವರ್ಷ ಲೆಕ್ಕವಿಲ್ಲದಷ್ಟು ಸಲ ಯೋಚಿಸಿದ್ದೇನೆ. ಆದರೆ ಹಿರಿಯ ಪಂಚರು ನನ್ನ ಭುಜಕ್ಕೆ ತಾಗಿ ನಿಂತಿದ್ದರು. ಅವರೂ ನೋಡಿದರು. ನೀವೇ ಹೇಳಿ ಎಂಬಂತೆ ನನ್ನ ಮುಖ ನೋಡಿದರು. ಇನ್ನೊಂದು ಮಾತನ್ನೂ ಒಪ್ಪಿಕೊಳ್ಳುತ್ತೇನೆ, ಈ ವಯಸ್ಸಿನಲ್ಲಿ ಮುಚ್ಚಿಟ್ಟು ಆಗಬೇಕಾದ್ದೇನು? ಆ ಗಳಿಗೆಯಲ್ಲಿ ನಾನು ಮಾವನ ಮೇಲೆ ಸಂಶಯಪಟ್ಟೆ. ಟೊಂಕದ ನೋವಿಗೆ ಹೆದರಿ ಏನೋ ತಿಂದಿದ್ದಾನೆ ಅನ್ನಿಸಿತು. ನನ್ನನ್ನೂ ಮೋಸ ಮಾಡಿದ ಎಂದು ಸಿಟ್ಟು ಬಂತು. ಸಣ್ಣವನಿದ್ದಾಗ ನನ್ನನ್ನು ಎತ್ತಿ ಆಡಿಸಿದವನ ಬಗ್ಗೆ ಹಾಗೆ ಯೋಚಿಸಿದ ನನ್ನ ಬುದ್ಧಿಗೆ ಏನು ಹೇಳಲಿ.

ಏನು ತಿಂದೆ ಎಂದು ಮೆಲ್ಲಗೆ ಕೇಳಿದೆ. ಮಾವನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಸಿಟ್ಟಾಗಲಿಲ್ಲ, ಆಶ್ಚರ್ಯಪಟ್ಟ. ರೊಟ್ಟಿ ಉಳ್ಳಾಗಡ್ಡಿ ಎಂದ. ಹಿರಿಯ ಪಂಚರು, ಬಲಗಣ್ಣು ಹಿಗ್ಗಿದೆ, ಬೆಳಕಿಗೆ ಕದಲುತ್ತಿಲ್ಲ ಎಂದು ಅವನಿಗೆ ತಿಳಿಸಿ ಹೇಳಿದರು. ಮಾವ ನನ್ನ ಕಡೆ ತಿರುಗಿದ.

"ನಿಶಾ ಒಂದ ಕಣ್ಣಿಗಷ್ಟ ಏರತೈತೇನಪಾ?"

ಹತ್ತಿರ ನಿಂತವರು ನಕ್ಕರು. ಅವನು ಯಾವತ್ತಿನ ಹಾಗೆ ಚೇಷ್ಟೆ ಮಾಡುತ್ತಿದ್ದಾನೆ ಅಂದುಕೊಂಡರು. ಆ ಜಾಗದಲ್ಲಿ ಬುದ್ಧಿ ಇದ್ದ ಮಾತು ಅದೊಂದೇ ಆಗಿತ್ತು. ಉತ್ತರ ಕೊಡಬೇಕಾದವನು ನಾನು, ವಹಿಯ ಹಾಳೆ ತಿರುವಿದೆ. ವಹಿಯಲ್ಲಿ ಒಂದು ಕಣ್ಣು, ಎರಡು ಕಣ್ಣು ಎಂದು ಬರೆಯುವ ಪ್ರಸಂಗ ಬರುತ್ತದೆ ಎಂದು ಯಾರಿಗೆ ಗೊತ್ತಿತ್ತು? ಪಂಚರು ಐದು ನಿಮಿಷ ಕೂಡಿ ಮಾತಾಡಿದರು. ಹಿಗ್ಗಿದ್ದು ಹಿಗ್ಗಿದ್ದೇ ಎಂದರು. ಅಳಿಯನೇ ತಪಾಸಣೆ ಮಾಡುವಾಗ ಮಾವನಿಗೆ ರಿಯಾಯಿತಿ ಕೊಟ್ಟರೆ ಆರು ಊರಿನವರು ನಮ್ಮ ಮುಖಕ್ಕೆ ಉಗಿಯುತ್ತಾರೆ ಎಂದೂ ಅಂದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ನನ್ನನ್ನು ಅಂಗಳಕ್ಕೆ ಕರೆದೊಯ್ದರು. ಅತ್ತೆ ಮುಂಜಾನೆ ಬಳಿದ ಕೆಮ್ಮಣ್ಣು ಇನ್ನೂ ಪೂರ್ತಿ ಒಣಗಿರಲಿಲ್ಲ. ನಾನು ಕಲ್ಲಿನ ಮೇಲೆ ಅಂಗೈ ಊರಿ, ಬಾದ ಎಂದೆ. ಒಂದೇ ಶಬ್ದ. ಕೈ ತೆಗೆದಾಗ ಐದೂ ಬೆರಳು ಕೆಂಪಗಾಗಿದ್ದವು. ಬಿಳಿ ಅಂಗಿಗೆ ಒರೆಸಿಕೊಂಡೆ, ಆ ಕಲೆ ಕಡೆಯವರೆಗೂ ಹೋಗಲಿಲ್ಲ.

ಆಮೇಲೆ ನಡೆದದ್ದನ್ನು ನಾನು ಅರ್ಧಂಬರ್ಧ ನೋಡಿದೆ. ಅಸಂಗಿಯ ಕಡೆಯ ಒಬ್ಬ ಹರೆಯದವನು ಕಲ್ಲು ಎತ್ತಿದ. ಮೂರು ಸಲ ಕೈ ತಪ್ಪಿ ನಾಲ್ಕನೆಯ ಸಲಕ್ಕೆ ಒಗೆದ. ಅವನು ಒಳ್ಳೆಯವನು, ಮೊದಲು ಮಾವನ ಕಾಲು ಮುಟ್ಟಿ ಬಂದ. ಕಲ್ಲನ್ನು ಚಕ್ಕಡಿಗೆ ಏರಿಸಲು ಐದಾರು ಮಂದಿ ಹೆಣಗುತ್ತಿದ್ದರು. ಮಾವ ಎದ್ದು ಹೋದ, ಬೇರೆಯವರನ್ನು ಸರಿಸಿದ, ತಾನೊಬ್ಬನೇ ಎತ್ತಿ ಇಟ್ಟುಬಿಡುತ್ತಾನೆ ಎಂದು ಎಲ್ಲರೂ ಉಸಿರು ಬಿಗಿಹಿಡಿದರು. ಬಗ್ಗಿದವನು ಹಾಗೆಯೇ ನಿಂತ. ಬಾದ ಆದವನು ಕಲ್ಲು ಮುಟ್ಟುವಂತಿಲ್ಲ ಎಂದು ಯಾರೋ ನೆನಪಿಸಿದ್ದರು. ಕೈಗಳನ್ನು ಧೋತರಕ್ಕೆ ಒರೆಸಿಕೊಂಡು ಹಿಂದೆ ಬಂದ. ಅತ್ತೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಚಕ್ಕಡಿ ಹೋದ ಮೇಲೆ ಅಂಗಳದಲ್ಲಿ ಎರಡು ವರ್ಷ ಬಿಸಿಲು ಕಾಣದ ಒಂದು ದುಂಡನೆಯ ಜಾಗ ಉಳಿಯಿತು, ಅಲ್ಲಿ ಇರುವೆಗಳು ಗಾಬರಿಯಿಂದ ಓಡಾಡುತ್ತಿದ್ದವು.

ಡಾಕ್ಟರರು ಮರಳಿ ಬಂದದ್ದು ನಾಲ್ಕು ದಿನದ ನಂತರ. ನಾನು ನಡೆದದ್ದನ್ನೆಲ್ಲ ಹೇಳಿದೆ, ಪಟ್ಟಿಯ ವಿಷಯ ಬಿಟ್ಟು. ಒಂದೇ ಕಣ್ಣು ಹಿಗ್ಗಬಹುದೇ ಎಂದು ಕೇಳಿದೆ. ಅವರು ಎರಡು ಮೂರು ಕಾರಣ ಹೇಳಿ, ಆ ಕಣ್ಣಿಗೆ ಏನಾದರೂ ಹಾಕಿಕೊಂಡಿದ್ದನೇ ಎಂದರು. ಇಲ್ಲ ಎಂದೆ. ಮೈಗೆ ಏನಾದರೂ ಹಚ್ಚಿಕೊಂಡಿದ್ದನೇ ಎಂದರು. ಆಗ ಪಟ್ಟಿಯ ವಿಷಯ ಬಾಯಿಗೆ ಬಂತು. ಡಾಕ್ಟರರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆ ಪಟ್ಟಿಯ ಅಂಟಿನಲ್ಲಿ ಬೆಲ್ಲಡೋನಾ ಇರುತ್ತದೆ, ದತ್ತೂರಿಯ ಕುಲದ್ದೇ ಗಿಡ, ಆ ಬೆರಳನ್ನು ಕಣ್ಣಿಗೆ ತಿಕ್ಕಿದರೆ ಪಾಪೆ ಹಿಗ್ಗಿ ನಾಲ್ಕಾರು ದಿನ ಹಾಗೆಯೇ ಇರುತ್ತದೆ ಎಂದು ಬಿಡಿಸಿ ಹೇಳಿದರು. ಕಪಾಟಿನಿಂದ ಒಂದು ಪಟ್ಟಿ ತಂದು ಸಣ್ಣ ಅಕ್ಷರದ ಮೇಲೆ ಬೆರಳಿಟ್ಟು ಓದಿಸಿದರು. ಅಲ್ಲಿ ಬರೆದಿತ್ತು, ಕೈ ತೊಳೆಯಿರಿ, ಕಣ್ಣು ಮುಟ್ಟಬೇಡಿ ಎಂದು. ನಾನು ರೋಗಿಗಳು ಕೂರುವ ಬಾಕಿನ ಮೇಲೆ ಕೂತುಬಿಟ್ಟೆ.

ಅಂದೇ ಹಿರಿಯ ಪಂಚರ ಅಂಗಡಿಗೆ ಹೋದೆ. ಪಟ್ಟಿ, ಅದರ ಕಾಗದ, ಡಾಕ್ಟರರ ಚೀಟಿ, ಎಲ್ಲ ಒಯ್ದೆ. ಅವರು ಗಿರಾಕಿಗಳನ್ನು ಕಳಿಸಿ, ಚಹಾ ತರಿಸಿ, ಒಂದೊಂದೇ ಮಾತನ್ನು ಕೇಳಿದರು. ಮಾವ ದತ್ತೂರಿ ತಿಂದಿಲ್ಲ ಎಂಬುದನ್ನು ನಂಬಿದರು. ತಕ್ಕಡಿಯ ಸರಪಳಿ ಬಿಡಿಸುತ್ತ ಹೇಳಿದರು.

"ನೀವ ಹೇಳೂದು ಖರೇ ಐತಿ ಕಂಪೌಂಡರ. ಆದರ ಕಲ್ಲಿನ ಮ್ಯಾಲ ಕೈ ಇಟ್ಟ ಆಡಿದ ಮಾತ ಇವತ್ತ ತಿರಗಿ ತಗೊಂಡ್ರ, ನಾಳೆ ಬಾದ ಆದವಗೆಲ್ಲ ಒಬ್ಬೊಬ್ಬ ಅಳಿಯ ಹುಟ್ಟತಾನ. ಮತ್ತ ನಿಮ್ಮ ವಹಿ ತಗೀರಿ, ಕಡೀ ಸಾಲ ಓದ್ರಿ."

ಓದುವ ಅಗತ್ಯ ಇರಲಿಲ್ಲ. ಹೊಟ್ಟೆಗಾಗಲಿ ಮೈಗಾಗಲಿ ಯಾವ ಔಷಧವೂ ಸೇರಿರತಕ್ಕದ್ದಲ್ಲ. ಪಟ್ಟಿ ಔಷಧ ಎಂದು ನಾನೇ ಈಗ ರುಜುವಾತು ಮಾಡಲು ಬಂದಿದ್ದೆ. ಮಾವನನ್ನು ಬಿಡಿಸಲು ತಂದ ಕಾಗದವೇ ಅವನನ್ನು ಇನ್ನಷ್ಟು ಬಿಗಿಯಾಗಿ ಕಟ್ಟಿಹಾಕಿತು. ತೂಕ ಬರಲಿ ಎಂದು ಬರೆದ ಆ ಸಾಲನ್ನು ಹರಿದು ನುಂಗಬೇಕು ಅನ್ನಿಸಿತು. ಪಂಚರು ನನ್ನನ್ನು ಬಾಗಿಲವರೆಗೆ ಕಳಿಸಲು ಬಂದರು. ಅವರ ಕಣ್ಣೂ ಒದ್ದೆಯಾಗಿತ್ತು ಎಂದು ನನಗೆ ನೆನಪು, ಅದರಿಂದ ಏನು ಉಪಯೋಗ?

ಮಾವನಿಗೆ ಹೇಳಲು ಅಡವಿಗೆ ಹೋದೆ. ಕುರಿ ಹಿಂಡಿನ ಹತ್ತಿರ ಕರಿ ಕಂಬಳಿ ಹಾಸಿ ಕೂತಿದ್ದ. ಬಲಗಣ್ಣು ಸರಿಯಾಗಿತ್ತು. ಪಟ್ಟಿ, ಅಂಟು, ಬೆರಳು, ಎಲ್ಲ ತಿಳಿಸಿ ಹೇಳಿದೆ. ಅವನು ತನ್ನ ಬಲಗೈಯ ಬೆರಳುಗಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡ. ಆ ಮುಂಜಾನೆ ಎಣ್ಣೆ ಹಚ್ಚಿ ತಿಕ್ಕಿದ್ದು, ಬೆವರು ಕಣ್ಣಿಗಿಳಿದು ಒರೆಸಿಕೊಂಡದ್ದು ಅವನಿಗೆ ನೆನಪಾಯಿತು. ಇದನ್ನು ಏಳೂರಿನ ಮಂದಿ ಕೂಡಿಸಿ ಹೇಳುತ್ತೇನೆ, ತಪ್ಪು ನನ್ನದು, ನಿನ್ನ ಮೇಲೆ ಸಂಶಯಪಟ್ಟವನೂ ನಾನೇ ಎಂದು ಅತ್ತುಬಿಟ್ಟೆ.

"ಬ್ಯಾಡ," ಎಂದ. "ಟೊಂಕ ಹೋಗಿತ್ತು ಅಂತ ಹೇಳಬೇಕಾಗತೈತಿ. ಅದರ ಬದಲಿ ಕಳ್ಳ ಅಂದರ ಅನ್ನಲಿ ಬಿಡು. ನೀ ಕಂಡದ್ದ ಹೇಳಿದಿ. ಕಂಡದ್ದ ಮುಚ್ಚಿದ್ದರ ನಾನ ನಿನಗ ಬಡೀತಿದ್ದೆ."

ಅವನು ಬಡಿದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ, ಮಾತು ಬಿಡಲಿಲ್ಲ. ನನ್ನ ತಾಯಿ ಮಾತ್ರ ನನ್ನ ಮುಂದೆ ಗಂಗಾಳ ಇಟ್ಟು ಮುಖ ತಿರುಗಿಸಿ ಹೋಗುತ್ತಿದ್ದಳು. ತವರಿನ ದಾರಿ ಮುಚ್ಚಿತು ಎಂದು ಪಂಚಮಿ ಬರುವವರೆಗೂ ಅಳುತ್ತಿದ್ದಳು. ಪಂಚಮಿಗೆ ಎರಡು ದಿನ ಮೊದಲು ಮಾವ ಎಂದಿನಂತೆ ತಂಗಿಯನ್ನು ಕರೆಯಲು ಬಂದ. ನನಗೂ ನಡೀ ಎಂದ. ನಾನು ಕೆಲಸದ ನೆಪ ಹೇಳಿದೆ. ಆ ಅಂಗಳದ ದುಂಡನೆಯ ಜಾಗ ನೋಡುವ ಧೈರ್ಯ ನನಗಿರಲಿಲ್ಲ.

ಮರುವರ್ಷ ವಹಿ ಪಂಚರಿಗೆ ಒಪ್ಪಿಸಿ ತಪಾಸಣೆ ಬಿಟ್ಟೆ. ಬೇರೆ ಊರಿನ ಕಂಪೌಂಡರ ಒಬ್ಬ ಬಂದ, ಅವನ ಬ್ಯಾಟರಿ ಮೂರು ಸೆಲ್ಲಿನದು. ನಾನು ಬರೆದ ನಿಯಮಗಳು ನನ್ನನ್ನು ಬಿಟ್ಟು ತಮ್ಮಷ್ಟಕ್ಕೆ ನಡೆದುಕೊಂಡು ಹೋದವು, ಎಷ್ಟೋ ನಿಜವಾದ ಕಳ್ಳರನ್ನು ಹಿಡಿದವು ಕೂಡ. ಮಾವ ಮತ್ತೆ ಪಂದ್ಯದ ಕಡೆ ತಲೆ ಹಾಕಲಿಲ್ಲ. ಸಂತೆಯಲ್ಲಿ ಅವನು ಹಾದು ಹೋಗುವಾಗ ಪಡ್ಡೆ ಹುಡುಗರು ಒಂದು ಕಣ್ಣು ಅಗಲಿಸಿ ಇನ್ನೊಂದು ಮುಚ್ಚಿ ನಗುತ್ತಿದ್ದರು. ಮಾವನೂ ತಿರುಗಿ ಒಂದು ಕಣ್ಣು ಮುಚ್ಚಿ ತೋರಿಸಿ ಮುಂದೆ ನಡೆಯುತ್ತಿದ್ದ. ನಾನು ಒಮ್ಮೆ ಜೊತೆಗಿದ್ದು ಅದನ್ನು ಕಂಡೆ. ಆ ಹುಡುಗರನ್ನು ಅಟ್ಟಿಸಿಕೊಂಡು ಹೋಗುವಷ್ಟು ಸಿಟ್ಟು ಬಂತು, ಆದರೆ ಯಾವ ಬಾಯಿಂದ ಬೈಯಲಿ? ಆ ಆಟ ಅವರಿಗೆ ಕಲಿಸಿದವನೇ ನಾನು. ಅತ್ತೆ ಕಟ್ಟೆಗೆಂದು ಕೂಡಿಸಿದ್ದ ಕಲ್ಲುಗಳನ್ನು ಕುರಿದೊಡ್ಡಿಯ ಗೋಡೆಗೆ ಹಚ್ಚಿದಳು ಎಂದು ತಾಯಿಯಿಂದ ತಿಳಿಯಿತು.

ಏಳೆಂಟು ವರ್ಷ ಕಳೆದವು. ಒಂದು ಮಧ್ಯಾಹ್ನ ಮಾವ ದವಾಖಾನೆಗೆ ಬಂದ. ಡಾಕ್ಟರರು ಒಳಗಿದ್ದರು. ಮಾವ ವಯಸ್ಸಿಗೆ ಮೀರಿ ಮುದುಕನಾಗಿದ್ದ, ಟೊಂಕ ಪೂರ್ತಿ ಬಗ್ಗಿತ್ತು. ಈಗ ಮುಚ್ಚಿಡುವುದು ಏನೂ ಉಳಿದಿರಲಿಲ್ಲ, ಬಾಗಿಲಿನಿಂದಲೇ ನೋವು ನೋವು ಎನ್ನುತ್ತ ಬಂದ. ಡಾಕ್ಟರರು ಪರೀಕ್ಷಿಸಿ, ಪಟ್ಟಿ ಅಂಟಿಸು ಎಂದು ನನಗೆ ಹೇಳಿದರು. ಅದೇ ಕೆಂಚು ಬಣ್ಣದ ಪಟ್ಟಿ. ಕಪಾಟಿನ ಬಾಗಿಲು ಹಿಡಿದು ನಾನು ಸ್ವಲ್ಪ ಹೊತ್ತು ನಿಂತೆ. ಆಮೇಲೆ ಶಾಖಕ್ಕೆ ಹಿಡಿದು ತಂದೆ. ಮಾವ ಬೋರಲು ಮಲಗಿದ್ದ. ಕಲ್ಲು ಹೊತ್ತ ಬೆನ್ನಿನಲ್ಲಿ ಈಗ ಎಲುಬುಗಳನ್ನು ಎಣಿಸಬಹುದಿತ್ತು. ಅಂಟಿಸಿ, ಅಂಗೈಯಿಂದ ಒತ್ತಿ ಸವರಿದೆ. ಕೈ ತೆಗೆಯಲು ಮನಸ್ಸಾಗಲಿಲ್ಲ. ಅವನು ಮುಖ ತಿರುಗಿಸದೆ, ದಿಂಬಿನೊಳಗಿನಿಂದ ಮಾತಾಡಿದ.

"ಕೈ ಸ್ವಚ್ಛ ತೊಳಕೋ ಅಳಿಯಾ. ನಿನ್ನ ಕಣ್ಣರ ಚಲೋ ಇರಲಿ. ಮಂದೀ ಕಣ್ಣ ನೋಡಾಂವ ನೀ."

ನಾನು ಹಿತ್ತಲಿಗೆ ಹೋಗಿ ಸಾಬೂನು ಹಚ್ಚಿ ಕೈ ತೊಳೆದೆ. ಬೆರಳ ಸಂದಿ, ಉಗುರಿನ ಬುಡ, ಒಂದನ್ನೂ ಬಿಡಲಿಲ್ಲ. ಮೂರು ಸಲ ತೊಳೆದ ಮೇಲೂ ಆ ಕೈಯಿಂದ ಕಣ್ಣು ಒರೆಸಿಕೊಳ್ಳಲು ಧೈರ್ಯವಾಗದೆ, ನೀರು ಸುರಿಯುವುದು ತಾನಾಗಿ ನಿಲ್ಲುವವರೆಗೆ ಅಲ್ಲೇ ನಿಂತಿದ್ದೆ.